ಮಸಾಲೆ ಮೊದಲು, ಬ್ರೆಡ್ ಆಮೇಲೆ: ಕೊಡಗಿನ ಡಿಸೆಂಬರಿಗೆ ನಾಲ್ಕು ಸಿಹಿ ಬ್ರೆಡ್‌ಗಳ ಹೋಲಿಕೆ

ಹುತ್ತರಿ ಮುಗಿದು ಹೊಸ ಕದಿರು ಬಾಗಿಲಿಗೆ ಏರಿದ ಮೇಲೆ ನಮ್ಮ ಅಡುಗೆಮನೆಯ ಮೂಲೆಯಲ್ಲಿ ಪ್ರತಿ ವರ್ಷವೂ ಅವೇ ಸಾಮಾನುಗಳು ಉಳಿದಿರುತ್ತವೆ. ಅರ್ಧ ಕತ್ತರಿಸಿದ ಸಿಹಿಕುಂಬಳ, ತಂಬಿಟ್ಟಿಗೆಂದು ತಂದ ಬಾಳೆಗೊನೆಯಲ್ಲಿ ಮಿಕ್ಕ ಎರಡು ಚಿಪ್ಪು, ಮಣ್ಣು ಕೊಡವಿ ಹರಡಿದ ಹೊಸ ಶುಂಠಿ, ಒಳ್ಳೆಯ ವರ್ಷವಾಗಿದ್ದರೆ ಒಂದು ಬುಟ್ಟಿ ಕಿತ್ತಳೆ. ಹೊರಗೆ ಕಣದಲ್ಲಿ ಅರೇಬಿಕಾ ಒಣಗುತ್ತಿರುತ್ತದೆ. ಕ್ರಿಸ್ಮಸ್ ರಜೆಗೆ ಮಕ್ಕಳು ಬೆಂಗಳೂರಿನಲ್ಲಿ ಬಸ್ ಹತ್ತುವ ಹೊತ್ತಿಗೆ ನನ್ನ ನಾದಿನಿಯ ಫೋನ್ ಬರುತ್ತದೆ: “ಅತ್ತಿಗೆ, ಈ ಸಲ ಯಾವ ಬ್ರೆಡ್ ಮಾಡುವುದು?”

ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ ಎಂದು ತಿಳಿಯಲು ನನಗೆ ಹಲವು ಡಿಸೆಂಬರ್‌ಗಳು ಬೇಕಾದವು. ಮನೆಯಲ್ಲಿ ಈಗ ಯಾವ ಮಸಾಲೆ ಚೆನ್ನಾಗಿದೆ? ಪಾಕವಿಧಾನಗಳನ್ನು ನೋಡಿದರೆ ಕುಂಬಳಕ್ಕೂ ಬಾಳೆಗೂ ಕಿತ್ತಳೆಗೂ ಒಂದೇ ಪುಡಿ ಸುರಿಯಲು ಹೇಳುತ್ತವೆ: ಚಕ್ಕೆ, ಲವಂಗ, ಜಾಯಿಕಾಯಿ, ಒಣಶುಂಠಿ, ಎಲ್ಲವೂ ಕೂಡಿದ್ದು. ಮಸಾಲೆ ಹಡಗಿನಲ್ಲಿ ಬಂದು ಡಬ್ಬಿಯಲ್ಲಿ ವರ್ಷಗಟ್ಟಲೆ ಕೂರುವ ದೇಶಗಳಿಗೆ ಅದು ಸರಿ. ಏಲಕ್ಕಿ, ಕರಿಮೆಣಸು, ಶುಂಠಿ ಮನೆಯ ಹಿಂದೆಯೇ ಬೆಳೆಯುವ, ಏಲಕ್ಕಿಯ ಸಂಶೋಧನೆಗೆಂದು ಅಪ್ಪಂಗಳದಲ್ಲಿ ಕೇಂದ್ರವನ್ನೇ ಹೊಂದಿರುವ ನಾಡಿನಲ್ಲಿ ನಾಲ್ಕು ಬ್ರೆಡ್ಡಿಗೂ ಒಂದೇ ಪುಡಿ ಹಾಕುವುದನ್ನು ನಾನು ಒಪ್ಪುವುದಿಲ್ಲ. ಪ್ರತಿ ಹಣ್ಣಿಗೂ ಹೊಂದುವ ಮಸಾಲೆ ಬೇರೆ. ಮಸಾಲೆಯನ್ನು ಆರಿಸಿಕೊಂಡರೆ ಯಾವ ಬ್ರೆಡ್ ಎಂಬುದು ಅರ್ಧ ತೀರ್ಮಾನವಾದಂತೆ. ಉಳಿದರ್ಧವನ್ನು ಅದು ಎಷ್ಟು ದಿನ ಉಳಿಯಬೇಕು, ಯಾವ ಒಲೆಯಲ್ಲಿ ಬೇಯಬೇಕು ಎಂಬುದು ತೀರ್ಮಾನಿಸುತ್ತದೆ.

ಇದು ಎಂಥ ಬ್ರೆಡ್

ಹೆಸರು ಬ್ರೆಡ್ ಆದರೂ ಇದರಲ್ಲಿ ಯೀಸ್ಟ್ ಇಲ್ಲ. ಸೋಡಾ ಅಥವಾ ಬೇಕಿಂಗ್ ಪೌಡರಿನ ಬಲದಿಂದ ಓವನ್ನಿನೊಳಗೇ ಉಬ್ಬುವ, ಉದ್ದನೆಯ ಅಚ್ಚಿನಲ್ಲಿ ಬೇಯುವ, ಹೋಳು ಮಾಡಿ ತಿನ್ನುವ ಸಿಹಿ ಇದು. ಅಂಗಡಿಯ ಸ್ಪಂಜ್ ಕೇಕಿಗಿಂತ ಒತ್ತಾಗಿ, ತೇವವಾಗಿ ಇರುತ್ತದೆ. ಅಮೆರಿಕದವರು ಇದನ್ನು ಕ್ವಿಕ್ ಬ್ರೆಡ್ ಎನ್ನುತ್ತಾರೆ. 1796ರ ಹೊತ್ತಿಗೇ ಅಮೆರಿಕದ ಅಡುಗೆ ಪುಸ್ತಕವೊಂದರಲ್ಲಿ ಸೌದೆಯ ಬೂದಿಯಿಂದ ತೆಗೆದ ಕ್ಷಾರವನ್ನು ಹಿಟ್ಟು ಉಬ್ಬಿಸಲು ಬಳಸುವ ವಿಧಾನ ಅಚ್ಚಾಗಿತ್ತು. 1843ರಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿ, ಯೀಸ್ಟ್ ಒಗ್ಗದ ತನ್ನ ಹೆಂಡತಿಗಾಗಿ ಬೇಕಿಂಗ್ ಪೌಡರನ್ನು ತಯಾರಿಸಿದ. ಆ ಹೆಂಗಸಿನ ಹೊಟ್ಟೆಯ ತೊಂದರೆಯಿಂದ ನಮಗೆ ಆದ ಉಪಕಾರ ದೊಡ್ಡದು. ಯೀಸ್ಟ್ ಉಬ್ಬಲು ಬೆಚ್ಚನೆಯ ಜಾಗ ಬೇಕು; ಡಿಸೆಂಬರಿನ ಮಡಿಕೇರಿಯ ಅಡುಗೆಮನೆಯಲ್ಲಿ ಯೀಸ್ಟ್ ಹಾಕಿದ ಹಿಟ್ಟು ಗಂಟೆಗಟ್ಟಲೆ ಕದಲದೆ ಕೂರುತ್ತದೆ. ಸೋಡಾಕ್ಕೆ ಚಳಿಯ ಹಂಗಿಲ್ಲ. ಹುಳಿ ಮತ್ತು ತೇವ ಸಿಕ್ಕಿದರೆ ಸಾಕು, ಗಾಳಿಗುಳ್ಳೆ ಏಳುತ್ತದೆ.

ಪ್ಲಮ್ ಕೇಕಿಗೆ ಇದು ಬದಲಿಯೇ ಎಂದು ಕೇಳುವವರಿದ್ದಾರೆ. ಅಲ್ಲ. ವಿರಾಜಪೇಟೆಯಿಂದ ಮಾಕುಟ್ಟದ ಘಾಟಿ ಇಳಿದರೆ ಸಿಗುವ ಕೇರಳದ ತಲಶ್ಶೇರಿಯಲ್ಲಿ ಬೇಕರಿ ನಡೆಸುತ್ತಿದ್ದ ಮಾಂಬಳ್ಳಿ ಬಾಪು 1883ರಲ್ಲಿ ಕ್ರಿಸ್ಮಸ್ ಕೇಕ್ ಮಾಡಿದರು ಎಂಬುದು ಪ್ರಸಿದ್ಧ ಸಂಗತಿ. ನಮ್ಮ ಜಿಲ್ಲೆಯ ಕ್ರಿಸ್ಮಸ್ ಮೇಜಿನ ಮೇಲೂ ಪ್ಲಮ್ ಕೇಕಿನ ಸ್ಥಾನ ಭದ್ರ. ಆದರೆ ಅದಕ್ಕೆ ಒಣಹಣ್ಣುಗಳನ್ನು ವಾರಗಟ್ಟಲೆ ಮೊದಲೇ ನೆನೆಹಾಕಬೇಕು. ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ಅದನ್ನು ಮರೆತವರಿಗೆ, ಡಿಸೆಂಬರ್ 23ರಂದು ಎಚ್ಚೆತ್ತವರಿಗೆ, ಕುಂಬಳ ಬೇಯಿಸುವ ಹೊತ್ತೊಂದನ್ನು ಬಿಟ್ಟರೆ, ಈ ಬ್ರೆಡ್ಡುಗಳು ಒಂದೂವರೆ ಗಂಟೆಯಲ್ಲಿ ಸಿದ್ಧವಾಗುತ್ತವೆ.

ಮುಂದಿನ ಅಳತೆಗಳೆಲ್ಲ ಒಂಬತ್ತು ಇಂಚು ಉದ್ದ, ಐದು ಇಂಚು ಅಗಲದ ಒಂದು ಅಚ್ಚಿಗೆ. ಓವನ್ನಿನ ಶಾಖ 175 ಡಿಗ್ರಿ ಸೆಲ್ಸಿಯಸ್.

ಕುಂಬಳದ ಬ್ರೆಡ್: ಚಕ್ಕೆ, ಜಾಯಿಕಾಯಿ ಇದ್ದವರಿಗೆ

ನಾಲ್ಕರಲ್ಲಿ ಅತ್ಯಂತ ಮೃದುವಾದದ್ದು, ಬಣ್ಣದಲ್ಲಿ ಅತ್ಯಂತ ಚೆಲುವಾದದ್ದು, ಕೆಡುವ ಸಾಧ್ಯತೆಯೂ ಹೆಚ್ಚಿರುವುದು ಇದೇ. ಸಿಹಿಕುಂಬಳಕ್ಕೆ ಹೇಳಿಕೊಳ್ಳುವಂಥ ಪರಿಮಳವಿಲ್ಲ. ಕಡುಬಿನ ಜೊತೆ ಕುಂಬಳದ ಕರಿ ಉಂಡವರಿಗೆ ಗೊತ್ತು, ಅದರ ರುಚಿಯೆಲ್ಲ ಒಗ್ಗರಣೆಯದು, ಖಾರದ್ದು. ಹಾಗಾಗಿಯೇ ಅದು ಎಷ್ಟು ಮಸಾಲೆಯನ್ನಾದರೂ ತಾಳುತ್ತದೆ. ಚಕ್ಕೆ, ಜಾಯಿಕಾಯಿ, ಲವಂಗ, ಒಣಶುಂಠಿ ಕೂಡಿದ ಪುಡಿಗೆ ನಿಜವಾದ ಮನೆ ಇದು. ಒಂದೂವರೆ ಚಮಚ ಚಕ್ಕೆಪುಡಿ, ಅರ್ಧ ಚಮಚ ಒಣಶುಂಠಿ, ಆಗಷ್ಟೇ ತುರಿದ ಕಾಲು ಚಮಚ ಜಾಯಿಕಾಯಿ, ಮೂರು ಲವಂಗ. ಅಂಗಡಿಯಲ್ಲಿ ದಪ್ಪ ತೊಗಟೆಯಾಗಿ ಸಿಗುವ ಖಾರದ ಚಕ್ಕೆಯೇ ಇಲ್ಲಿ ಒಳ್ಳೆಯದು. ತೆಳ್ಳಗೆ ಪದರಪದರವಾಗಿ ಸುರುಳಿ ಸುತ್ತಿದ ನಯವಾದ ದಾಲ್ಚಿನ್ನಿಯನ್ನು ಕಿತ್ತಳೆಗೆ ಉಳಿಸಿಕೊಳ್ಳಿ.

ಕುಂಬಳದ ಬ್ರೆಡ್ ಕೆಡುವುದು ನೀರಿನಿಂದ. ಮೊದಲ ವರ್ಷ ನಾನು ಹೋಳುಗಳನ್ನು ಕುಕ್ಕರಿನಲ್ಲಿ ನೀರು ಹಾಕಿ ಬೇಯಿಸಿ ಮಸೆದಿದ್ದೆ. ಮೇಲೆ ಚೆನ್ನಾಗಿ ಕೆಂಪಾಗಿತ್ತು, ಕತ್ತರಿಸಿದಾಗ ನಡುವೆ ಹಲ್ವದಂತೆ ಹಸಿಯಾಗಿ ಕುಸಿದಿತ್ತು. ಮನೆಮಂದಿಯೆಲ್ಲ ಅಂಚು ತಿಂದು ನಡುಭಾಗವನ್ನು ಬಿಟ್ಟದ್ದನ್ನು ನೋಡಿ ನಿಜಕ್ಕೂ ಬೇಸರವಾಗಿತ್ತು. ಈಗ ಎರಡು ಕ್ರಮಗಳಲ್ಲಿ ಒಂದನ್ನು ಅನುಸರಿಸುತ್ತೇನೆ. ಓವನ್ ಇದ್ದರೆ ಸಿಪ್ಪೆಸಹಿತ ದೊಡ್ಡ ಹೋಳುಗಳನ್ನು 200 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಸುಡುತ್ತೇನೆ. ಅಂಚು ಕಂದಿ, ಸಕ್ಕರೆಯಂಶ ಹೊರಬಂದು ರುಚಿ ಗಟ್ಟಿಯಾಗುತ್ತದೆ. ಇಲ್ಲದಿದ್ದರೆ ಇಡ್ಲಿ ಪಾತ್ರೆಯಲ್ಲಿ ನೀರು ತಾಗದಂತೆ ಹಬೆಯಲ್ಲಿ ಬೇಯಿಸಿ, ಮಸೆದು, ತೆಳುಬಟ್ಟೆಯಲ್ಲಿ ಕಟ್ಟಿ ಒಂದು ಗಂಟೆ ತೂಗುಹಾಕುತ್ತೇನೆ. ಚಮಚದಲ್ಲಿ ಎತ್ತಿದಾಗ ಜಾರದೆ ನಿಲ್ಲುವ ಮುದ್ದೆಯಾಗಿರಬೇಕು.

ಮುದ್ದೆ 240 ಗ್ರಾಂ, ಮೈದಾ 220 ಗ್ರಾಂ, ಬೆಲ್ಲದ ಪುಡಿ 200 ಗ್ರಾಂ, ಸೂರ್ಯಕಾಂತಿ ಎಣ್ಣೆ 110 ಮಿಲಿಲೀಟರ್, ಎರಡು ಮೊಟ್ಟೆ, ಒಂದು ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಸೋಡಾ, ಅರ್ಧ ಚಮಚ ಉಪ್ಪು. ಒಣ ಸಾಮಾನು ಒಂದು ಕಡೆ, ಹಸಿ ಸಾಮಾನು ಇನ್ನೊಂದು ಕಡೆ ಕಲಸಿಕೊಂಡು, ಕೊನೆಗೆ ಎರಡನ್ನೂ ಸೇರಿಸಿ ಒಣಹಿಟ್ಟು ಕಾಣದಷ್ಟು ಮಾತ್ರ ತಿರುವಬೇಕು. ಹೆಚ್ಚು ತಿರುವಿದಷ್ಟೂ ಮೈದಾದ ಜಿಗುಟು ಬಲಿತು ಬ್ರೆಡ್ ರಬ್ಬರಿನಂತಾಗುತ್ತದೆ. ಈ ಮಾತು ನಾಲ್ಕಕ್ಕೂ ಅನ್ವಯಿಸುತ್ತದೆ. ಐವತ್ತೈದು ನಿಮಿಷದಿಂದ ಒಂದು ಗಂಟೆ ಬೇಯಲಿ. ಕಡ್ಡಿ ಚುಚ್ಚುವಾಗ ನಟ್ಟನಡುವೆ, ಬಿರುಕಿನ ಪಕ್ಕದಲ್ಲಿ ಚುಚ್ಚಿ. ಅಂಚಿನಲ್ಲಿ ಚುಚ್ಚಿದ ಕಡ್ಡಿ ಸುಳ್ಳು ಹೇಳುತ್ತದೆ.

ಮಕ್ಕಳಿಗೆ ಇದೇ ಇಷ್ಟ. ತರಕಾರಿ ಮುಟ್ಟದ ಮಗುವೂ ಎರಡನೆಯ ಹೋಳು ಕೇಳುತ್ತದೆ. ಆದರೆ ತೇವ ಹೆಚ್ಚಿರುವುದರಿಂದ ಮೂರು ನಾಲ್ಕು ದಿನಕ್ಕಿಂತ ಇಡಬೇಡಿ.

ಶುಂಠಿ ಬೆಲ್ಲದ ಬ್ರೆಡ್: ನನ್ನ ಮೊದಲ ಆಯ್ಕೆ

ಇಂಗ್ಲೆಂಡಿನವರ ಜಿಂಜರ್‌ಬ್ರೆಡ್ಡಿಗೆ ಆಧಾರ ಶುಂಠಿ ಮತ್ತು ಕಾಕಂಬಿ. ಸಕ್ಕರೆ ಬೇರ್ಪಡಿಸಿದ ಮೇಲೆ ಉಳಿಯುವ ಕಪ್ಪು, ಕಹಿ ಪಾಕ ಅದು. ನಮ್ಮಲ್ಲಿ ಅದರ ಜಾಗಕ್ಕೆ ಬೆಲ್ಲ ಬರುತ್ತದೆ, ಆದರೆ ಬೆಲ್ಲವನ್ನು ಅಷ್ಟೇ ತೂಕಕ್ಕೆ ಹಾಕಿದರೆ ರುಚಿ ಕೂಡುವುದಿಲ್ಲ. ಬೆಲ್ಲದಲ್ಲಿ ಸಕ್ಕರೆಯೆಲ್ಲ ಹಾಗೆಯೇ ಇದೆ, ಕಹಿ ಕಡಿಮೆ. ಬ್ರೆಡ್ ಸಪ್ಪೆ ಸಿಹಿಯಾಗುತ್ತದೆ. ಈ ಕೊರತೆಯನ್ನು ತುಂಬಲು ನನಗೆ ಸಿಕ್ಕ ಉತ್ತರ ನಮ್ಮ ಮನೆಯ ಫಿಲ್ಟರಿನಲ್ಲೇ ಇತ್ತು: ಗಟ್ಟಿ ಕಾಫಿ ಡಿಕಾಕ್ಷನ್. ಬೆಲ್ಲ ಕರಗಿಸಲು ನೀರಿನ ಬದಲು ಬಿಸಿ ಡಿಕಾಕ್ಷನ್ ಹಾಕಿ. ಕಾಫಿಯ ರುಚಿ ಬೇರೆಯಾಗಿ ಕಾಣುವುದಿಲ್ಲ; ಬೆಲ್ಲಕ್ಕೆ ಬೇಕಿದ್ದ ಕಹಿಯೂ ಕಪ್ಪು ಬಣ್ಣವೂ ಬರುತ್ತವೆ. ಕಾಫಿ ಕೊಯ್ಲಿನ ದಿನಗಳಲ್ಲಿ ಕೊಡಗಿನಲ್ಲಿ ಮಾಡುವ ಬ್ರೆಡ್ಡಿಗೆ ಇದಕ್ಕಿಂತ ಸಹಜವಾದ ಸೇರುವೆ ಯಾವುದಿದೆ?

ಶುಂಠಿಯನ್ನು ಎರಡು ರೂಪದಲ್ಲಿ ಹಾಕಲೇಬೇಕು. ಹಸಿಶುಂಠಿಯ ಖಾರಕ್ಕೆ ಕಾರಣವಾದ ಜಿಂಜರಾಲ್ ಬೇಯುತ್ತ ಸೌಮ್ಯವಾಗುತ್ತದೆ. ಒಣಗಿಸಿದಾಗ ಅದು ಶೋಗಾಲ್ ಎಂಬ ಇನ್ನೂ ಖಾರದ ಅಂಶವಾಗಿ ಮಾರ್ಪಡುತ್ತದೆ. ಹಾಗಾಗಿ ಹಸಿಶುಂಠಿ ಪರಿಮಳ ಕೊಡುತ್ತದೆ, ಒಣಶುಂಠಿ ಗಂಟಲು ಬೆಚ್ಚಗೆ ಮಾಡುತ್ತದೆ. ಬರಿಯ ಒಣಶುಂಠಿ ಹಾಕಿದರೆ ಬಾಣಂತಿಯ ಲೇಹದ ನೆನಪಾಗುತ್ತದೆ. ಬರಿಯ ಹಸಿಶುಂಠಿಯಾದರೆ ಓವನ್ನಿನಿಂದ ಹೊರಬರುವ ಹೊತ್ತಿಗೆ ಅದು ಎಲ್ಲಿ ಹೋಯಿತೆಂದು ಹುಡುಕಬೇಕಾಗುತ್ತದೆ.

ಇದಕ್ಕೆ ಸೇರುವ ಇನ್ನೊಂದು ಮಸಾಲೆ ಕರಿಮೆಣಸು. ಸಿಹಿಗೆ ಮೆಣಸೇ ಎಂದು ಹುಬ್ಬೇರಿಸುವವರು ಶುಂಠಿ, ಮೆಣಸು, ಬೆಲ್ಲದ ಕಷಾಯ ಕುಡಿದೇ ಬೆಳೆದವರು. ಅದೇ ಕಷಾಯ ಇಲ್ಲಿ ಹೋಳಾಗಿ ಬರುತ್ತದೆ. ಮೆಣಸನ್ನು ತರಿತರಿಯಾಗಿ ಕುಟ್ಟಿ, ಕರಗಿದ ಬೆಣ್ಣೆಯಲ್ಲಿ ಅರ್ಧ ನಿಮಿಷ ಬಿಸಿ ಮಾಡಿ. ಒಣಶುಂಠಿ, ಚಕ್ಕೆಯನ್ನೂ ಅದೇ ಬೆಣ್ಣೆಗೆ ಸೇರಿಸಿ. ಮಸಾಲೆಯ ಪರಿಮಳ ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ, ಇಡೀ ಹಿಟ್ಟಿಗೆ ಹರಡುತ್ತದೆ.

ಅಳತೆ ಹೀಗಿದೆ: ಮೈದಾ 240 ಗ್ರಾಂ, ಕಪ್ಪು ಬೆಲ್ಲ 200 ಗ್ರಾಂ, ಬಿಸಿ ಡಿಕಾಕ್ಷನ್ 120 ಮಿಲಿಲೀಟರ್, ಬೆಣ್ಣೆ 100 ಗ್ರಾಂ, ಹುಳಿ ಮೊಸರು 120 ಮಿಲಿಲೀಟರ್, ಮೊಟ್ಟೆ ಒಂದು, ಸೋಡಾ ಒಂದು ಚಮಚ, ಒಣಶುಂಠಿ ಪುಡಿ ಒಂದು ದೊಡ್ಡ ಚಮಚ, ತುರಿದ ಹಸಿಶುಂಠಿ ಒಂದು ದೊಡ್ಡ ಚಮಚ, ಚಕ್ಕೆಪುಡಿ ಒಂದು ಚಮಚ, ಮೆಣಸು ಅರ್ಧ ಚಮಚ, ಲವಂಗ ಎರಡು, ಚಿಟಿಕೆ ಉಪ್ಪು. ಬೆಲ್ಲ ಕರಗಿದ ಮೇಲೆ ಸೋಸುವುದನ್ನು ಮರೆಯಬೇಡಿ. ಹಲ್ಲಿಗೆ ಸಿಗುವ ಒಂದು ಮರಳಿನ ಕಣ ಇಡೀ ಬ್ರೆಡ್ಡಿನ ಸುಖವನ್ನು ಕಸಿಯುತ್ತದೆ. ಜೋನಿಬೆಲ್ಲ ಇದ್ದರೆ ಇನ್ನೂ ಒಳ್ಳೆಯದು, ಡಿಕಾಕ್ಷನ್ ಸ್ವಲ್ಪ ಕಡಿಮೆ ಮಾಡಿ. ಮೈದಾದ ಕಾಲುಭಾಗಕ್ಕೆ ರಾಗಿಹಿಟ್ಟನ್ನು ಹಾಕಬಹುದಾದ ಬ್ರೆಡ್ ನಾಲ್ಕರಲ್ಲಿ ಇದೊಂದೇ ಎಂದು ನನ್ನ ಅನುಭವ. ಬೆಲ್ಲಕ್ಕೂ ರಾಗಿಗೂ ಹಳೆಯ ನಂಟು, ಬಣ್ಣವೂ ಹೊಂದುತ್ತದೆ.

ಇದನ್ನು ಮಾಡಿದ ದಿನ ತಿನ್ನಬೇಡಿ. ಮೊದಲ ದಿನ ಮಸಾಲೆಗಳು ಬೇರೆಬೇರೆಯಾಗಿ ನಾಲಿಗೆಗೆ ತಾಗುತ್ತವೆ. ಎರಡನೆಯ ದಿನ ಒಂದಾಗುತ್ತವೆ, ಮೂರನೆಯ ದಿನ ಅಂಟಂಟಾಗಿ ರುಚಿಯ ತುದಿಯಲ್ಲಿರುತ್ತದೆ. ನಮ್ಮ ಚಳಿಯಲ್ಲಿ ವಾರದವರೆಗೆ ಚೆನ್ನಾಗಿ ಇಟ್ಟಿದ್ದೇನೆ.

ಬಾಳೆಹಣ್ಣಿನದು: ಏಲಕ್ಕಿ, ಏಲಕ್ಕಿ ಮಾತ್ರ

ಮೊದಲ ಸಲ ಬೇಕ್ ಮಾಡುವವರಿಗೆ ನಾನು ಹೇಳುವುದು ಇದನ್ನೇ. ಕೆಡಿಸುವುದು ಕಷ್ಟ. ಹಣ್ಣಿನ ತೇವ, ಸಿಹಿ, ಮೃದುತ್ವ ಮೂರೂ ಸೇರಿ ಸಣ್ಣಪುಟ್ಟ ತಪ್ಪುಗಳನ್ನು ಮರೆಸುತ್ತವೆ. ಆದರೆ ಕಳಿತ ಬಾಳೆಗೆ ತನ್ನದೇ ಜೋರಾದ ಪರಿಮಳವಿದೆ. ಅದರ ಮೇಲೆ ಚಕ್ಕೆ, ಲವಂಗ, ಶುಂಠಿ ಸುರಿದರೆ ಎಲ್ಲವೂ ಮಾತಾಡುವ ಸಭೆಯಂತಾಗುತ್ತದೆ. ಏಲಕ್ಕಿ ಒಂದೇ ಸಾಕು. ತಂಬಿಟ್ಟಿನಲ್ಲಿ ಬಾಳೆಹಣ್ಣು ಮತ್ತು ಏಲಕ್ಕಿಯ ಜೋಡಿಯನ್ನು ನಮ್ಮ ಹಿರಿಯರು ತೀರ್ಮಾನಿಸಿ ಎಷ್ಟೋ ಕಾಲವಾಗಿದೆ. ಅದನ್ನು ಬದಲಿಸುವ ಅಗತ್ಯ ನನಗೆ ಕಂಡಿಲ್ಲ.

ಎಂಟು ಏಲಕ್ಕಿಯ ಕಾಳನ್ನು ಹಿಟ್ಟು ಕಲಸುವ ಹೊತ್ತಿಗೇ ಕುಟ್ಟಿ. ಏಲಕ್ಕಿಯ ಪರಿಮಳ ಬೇಗ ಹಾರಿಹೋಗುವಂಥದ್ದು, ಪುಡಿ ಮಾಡಿಟ್ಟರೆ ಡಬ್ಬಿಯಲ್ಲೇ ಕಳೆದುಹೋಗುತ್ತದೆ. ಅದರಲ್ಲೂ ಒಂದು ಚಿಟಿಕೆ ಉಳಿಸಿಕೊಂಡು, ಹಿಟ್ಟು ಅಚ್ಚಿಗೆ ಸುರಿದ ಮೇಲೆ ಸಕ್ಕರೆಯೊಂದಿಗೆ ಮೇಲೆ ಉದುರಿಸಿ.

ಹಣ್ಣು ಯಾವುದು? ನೇಂದ್ರ ಗಟ್ಟಿ, ನೀರು ಕಡಿಮೆ. ಸಿಪ್ಪೆ ಪೂರ್ತಿ ಕಪ್ಪಾಗುವವರೆಗೆ ಕಾದರೆ ಮಾತ್ರ ಇದಕ್ಕೆ ಬರುತ್ತದೆ, ಆಗ ಬ್ರೆಡ್ ಒತ್ತಾಗಿ ಚೆನ್ನಾಗಿ ನಿಲ್ಲುತ್ತದೆ. ಪುಟ್ಟಬಾಳೆ ಹುಳಿಮಿಶ್ರಿತ, ಸೋಡಾದ ಜೊತೆ ಚೆನ್ನಾಗಿ ಕೆಲಸ ಮಾಡುತ್ತದೆ, ಬ್ರೆಡ್ ಹಗುರವಾಗುತ್ತದೆ. ನಾನು ಎರಡನ್ನೂ ಅರ್ಧರ್ಧ ಹಾಕುತ್ತೇನೆ. ಮಸೆದ ಹಣ್ಣು 330 ಗ್ರಾಂ, ಮೈದಾ 220, ಬೆಲ್ಲದ ಪುಡಿ 140, ಕರಗಿಸಿದ ಬೆಣ್ಣೆ 90 ಗ್ರಾಂ, ಎರಡು ಮೊಟ್ಟೆ, ಮುಕ್ಕಾಲು ಚಮಚ ಸೋಡಾ, ಉಪ್ಪು. ಹುತ್ತರಿಯ ತಂಬಿಟ್ಟಿನ ಪುಡಿ ಉಳಿದಿದ್ದರೆ ಮೈದಾದಲ್ಲಿ ನಲವತ್ತು ಗ್ರಾಂ ಕಡಿಮೆ ಮಾಡಿ ಅದನ್ನು ಸೇರಿಸಿ. ಹುರಿದ ಅಕ್ಕಿಯ ಕಂಪು ಮತ್ತು ಮೆಂತೆಯ ಸಣ್ಣ ಕಹಿ ಬಾಳೆಯ ಅತಿಸಿಹಿಯನ್ನು ಹಿಡಿದು ನಿಲ್ಲಿಸುತ್ತವೆ. ಮೇಲೆ ಒಂದು ಚಮಚ ಎಳ್ಳು.

ಕಿತ್ತಳೆಯದು: ಹಣ್ಣು ಸಿಕ್ಕರೆ ಮಾತ್ರ

ಕೊಡಗಿನ ಕಿತ್ತಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರ ಅದರ ಮೇಲೆ ಕೆಲಸ ಮಾಡಿದೆ. ಆದರೂ ಹಸಿರುರೋಗ ಮತ್ತಿತರ ಕಾಯಿಲೆಗಳಿಂದ ಕಿತ್ತಳೆ ತೋಟಗಳು ಕುಗ್ಗಿಹೋಗಿವೆ. ನಮ್ಮ ತೋಟದ ಬೇಲಿಯುದ್ದಕ್ಕೂ ಇದ್ದ ಮರಗಳಲ್ಲಿ ಈಗ ಎರಡು ಉಳಿದಿವೆ. ಆ ಎರಡು ಮರ ಹಣ್ಣು ಬಿಟ್ಟ ವರ್ಷ ಮಾತ್ರ ಈ ಬ್ರೆಡ್ ಮಾಡುತ್ತೇನೆ, ಅದೂ ಮನಸ್ಸು ತುಂಬಿ.

ನಾಗಪುರದ ಕಿತ್ತಳೆಯಲ್ಲಿ ಮಾಡಬಾರದೇ ಎಂದರೆ ಮಾಡಬಹುದು. ಅದರ ಸಿಪ್ಪೆ ಸಡಿಲ, ನಮ್ಮದರ ಸಿಪ್ಪೆ ತೊಳೆಗೆ ಅಂಟಿಕೊಂಡಂತಿದ್ದರೂ ಸುಲಭವಾಗಿ ಬಿಡುತ್ತದೆ, ರುಚಿಯಲ್ಲಿ ಹುಳಿಸಿಹಿ ಎರಡೂ ಇವೆ. ಬ್ರೆಡ್ಡಿಗೆ ಆ ಹುಳಿಯೇ ಬೇಕು. ಪರಿಮಳ ಇರುವುದು ರಸದಲ್ಲಿ ಅಲ್ಲ, ಸಿಪ್ಪೆಯ ಹೊರಪದರದ ಎಣ್ಣೆಯಲ್ಲಿ. ಎರಡು ಹಣ್ಣಿನ ಹೊರಸಿಪ್ಪೆಯನ್ನು ಬಿಳಿಭಾಗ ತಾಗದಂತೆ ತುರಿದು, 170 ಗ್ರಾಂ ಸಕ್ಕರೆಯಲ್ಲಿ ಬೆರಳಿನಿಂದ ಉಜ್ಜಿ. ಇಲ್ಲಿ ಬೆಲ್ಲ ಬೇಡ, ಅದರ ಗಾಢ ರುಚಿಯ ಕೆಳಗೆ ಕಿತ್ತಳೆ ಮುಳುಗುತ್ತದೆ. ಮಸಾಲೆ ಮೂರೇ ಲವಂಗ, ಒಂದು ಸಣ್ಣ ತುಂಡು ನಯವಾದ ದಾಲ್ಚಿನ್ನಿ. ಉಳಿದದ್ದು ಮೈದಾ 220 ಗ್ರಾಂ, ರಸ 120 ಮಿಲಿಲೀಟರ್, ಎಣ್ಣೆ 100 ಮಿಲಿಲೀಟರ್, ಎರಡು ಮೊಟ್ಟೆ, ಒಂದೂವರೆ ಚಮಚ ಬೇಕಿಂಗ್ ಪೌಡರ್, ಕಾಲು ಚಮಚ ಸೋಡಾ, ಚಿಟಿಕೆ ಉಪ್ಪು. ಐವತ್ತು ನಿಮಿಷ ಸಾಕು. ಅಂದೇ, ಹೆಚ್ಚೆಂದರೆ ಮಾರನೆಯ ದಿನ ತಿಂದು ಮುಗಿಸಬೇಕು. ಆಮೇಲೆ ಪರಿಮಳ ಇಳಿಯುತ್ತದೆ.

ಚಳಿ, ಎತ್ತರ, ಕರೆಂಟು

ಬೇರೆ ಊರಿನ ಅಳತೆಗಳು ಇಲ್ಲಿ ಯಾಕೆ ಹೊಂದುವುದಿಲ್ಲ ಎಂಬುದಕ್ಕೆ ಕಾರಣಗಳಿವೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು ಕುದಿಯುವುದು ಸುಮಾರು 96 ಡಿಗ್ರಿಗೆ. ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಸೋಡಾದ ಗುಳ್ಳೆಗಳು ಹೆಚ್ಚು ಹಿಗ್ಗುತ್ತವೆ, ಬ್ರೆಡ್ ಬೇಗ ಏರಿ, ಬೆಂದು ಗಟ್ಟಿಯಾಗುವ ಮೊದಲೇ ಕುಸಿಯುತ್ತದೆ. ಸಾವಿರ ಮೀಟರಿನ ಮೇಲಿರುವ ಮನೆಗಳವರು ಸೋಡಾ, ಬೇಕಿಂಗ್ ಪೌಡರ್ ಎರಡನ್ನೂ ಚಮಚಕ್ಕೆ ಎಂಟನೇ ಒಂದರಷ್ಟು ಕಡಿಮೆ ಹಾಕಿ, ಎರಡು ದೊಡ್ಡ ಚಮಚ ಹಾಲು ಹೆಚ್ಚಿಗೆ ಸೇರಿಸಿ. ಕುಶಾಲನಗರ, ಗೋಣಿಕೊಪ್ಪಲಿನಂಥ ತಗ್ಗಿನ ಊರುಗಳಲ್ಲಿ ಇದರ ಅಗತ್ಯವಿಲ್ಲ.

ಚಳಿಯ ಪ್ರಭಾವ ಕೊಬ್ಬಿನ ಮೇಲೆ. ತೆಂಗಿನ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ನಮ್ಮ ಡಿಸೆಂಬರಿನ ಬೆಳಗ್ಗೆ ಕರಗಿಸಿ ತಂದ ತೆಂಗಿನ ಎಣ್ಣೆ ತಣ್ಣನೆಯ ಮೊಟ್ಟೆ ತಾಗಿದ ಕೂಡಲೇ ಗಂಟುಗಂಟಾಗುತ್ತದೆ. ಬೆಣ್ಣೆಯೂ ಅಷ್ಟೆ. ಮೊಟ್ಟೆಯನ್ನು ಹತ್ತು ನಿಮಿಷ ಉಗುರುಬೆಚ್ಚನೆಯ ನೀರಿನಲ್ಲಿಟ್ಟು, ಮೊಸರನ್ನು ಒಲೆಯ ಪಕ್ಕದಲ್ಲಿಟ್ಟು ಚಳಿ ಬಿಡಿಸಿ. ಬೆಣ್ಣೆಯ ಬ್ರೆಡ್ ಚಳಿಗೆ ಗಟ್ಟಿಯಾಗುತ್ತದೆ, ಎಣ್ಣೆಯದು ಮೃದುವಾಗಿಯೇ ಉಳಿಯುತ್ತದೆ. ಬಿಸಿ ಮಾಡದೆ ತಿನ್ನುವವರಿಗೆ ಕೊಡುವುದಾದರೆ ಎಣ್ಣೆಯದೇ ಮೇಲು. ಫ್ರಿಜ್ಜಿನಲ್ಲಂತೂ ಯಾವುದನ್ನೂ ಇಡಬೇಡಿ. ಆ ತಂಪಿನಲ್ಲಿ ಪಿಷ್ಟ ಬೇಗ ಬಿರುಸಾಗಿ ಬ್ರೆಡ್ ಹಳಸಿದಂತೆ ಅನಿಸುತ್ತದೆ.

ಓವನ್ ಇಲ್ಲದವರು, ಕರೆಂಟನ್ನು ನಂಬದವರು ದಪ್ಪ ತಳದ ಪಾತ್ರೆ ಅಥವಾ ಗ್ಯಾಸ್ಕೆಟ್, ಸೀಟಿ ತೆಗೆದ ದೊಡ್ಡ ಕುಕ್ಕರಿನಲ್ಲಿ ಒಂದಿಂಚು ಉಪ್ಪು ಹರಡಿ, ಹತ್ತು ನಿಮಿಷ ಕಾಯಿಸಿ, ಸ್ಟ್ಯಾಂಡಿನ ಮೇಲೆ ಅಚ್ಚಿಡಬಹುದು. ಉದ್ದನೆಯ ಅಚ್ಚು ಹಿಡಿಯುವುದಿಲ್ಲ, ಏಳಿಂಚಿನ ದುಂಡು ಅಚ್ಚಿಗೆ ಅರ್ಧಕ್ಕಿಂತ ತುಸು ಮೇಲೆ ಹಿಟ್ಟು ಹಾಕಿ ಸಣ್ಣ ಉರಿಯಲ್ಲಿ ಐವತ್ತು ನಿಮಿಷ ಬೇಯಿಸಿ. ಮಿಕ್ಕ ಹಿಟ್ಟಿಗೆ ಇನ್ನೊಂದು ಚಿಕ್ಕ ಅಚ್ಚು. ಹೀಗೆ ಬೇಯಿಸಿದಾಗ ಮೇಲ್ಭಾಗ ಕೆಂಪಾಗುವುದಿಲ್ಲ. ಶುಂಠಿಯದು ಮೊದಲೇ ಕಪ್ಪಾದ್ದರಿಂದ ಆ ಕೊರತೆ ಕಾಣುವುದೇ ಇಲ್ಲ, ಬಾಳೆಯದೂ ಸುಧಾರಿಸುತ್ತದೆ. ಕಿತ್ತಳೆಯದು ಪೇಲವವಾಗುತ್ತದೆ. ಕುಂಬಳವನ್ನು ಕುಕ್ಕರಿನಲ್ಲಿ ಮಾಡಲು ನಾನು ಸಲಹೆ ಕೊಡುವುದಿಲ್ಲ. ಯಾವುದೇ ಆದರೂ ಸೋಡಾ ಬೆರೆತ ಹಿಟ್ಟು ಕಾಯುವುದಿಲ್ಲ, ಹಿಟ್ಟು ಕಲಸುವ ಮೊದಲೇ ಒಲೆ ಕಾದಿರಬೇಕು.

ಮೊಟ್ಟೆ ತಿನ್ನದವರು ಶುಂಠಿಯದನ್ನೂ ಬಾಳೆಯದನ್ನೂ ನಿಶ್ಚಿಂತೆಯಿಂದ ಮಾಡಬಹುದು, ಒಂದು ಮೊಟ್ಟೆಗೆ ಕಾಲು ಕಪ್ ಗಟ್ಟಿ ಮೊಸರು. ಗೋಧಿಹಿಟ್ಟು ಬೇಕೆನ್ನುವವರು ಅರ್ಧದಷ್ಟು ಬದಲಿಸಿ, ಎರಡು ಚಮಚ ಹಾಲು ಹೆಚ್ಚಿಸಿ.

ಸೋಡಾಕ್ಕೆ ಹುಳಿ ಬೇಕಲ್ಲ, ನಮ್ಮ ಕೊಡಗಿನ ಕಪ್ಪು ಹುಳಿರಸವಾದ ಕಾಚಂಪುಳಿ ಹಾಕಿದರೆ ಹೇಗೆ ಎಂದು ಸೋದರಳಿಯನೊಬ್ಬ ಕೇಳಿದ್ದ. ಒಳ್ಳೆಯ ಪ್ರಶ್ನೆ. ಆದರೆ ಅದರ ಗಾಢವಾದ ವಾಸನೆ ಬಾಯಿಗೆ ಬಂದ ಕೂಡಲೇ ಮನಸ್ಸು ಹಂದಿಮಾಂಸದ ಪಂದಿ ಕರಿಯತ್ತ ಹೋಗುತ್ತದೆ. ಮೊಸರೇ ಸರಿ. ಜೇನೂ ಹಿಟ್ಟಿಗೆ ಬೇಡ, ನಮ್ಮ ಕಾಡುಹೂವಿನ ಪರಿಮಳವೆಲ್ಲ ಓವನ್ನಿನಲ್ಲಿ ಆವಿಯಾಗುತ್ತದೆ. ಬೆಂದ ಬ್ರೆಡ್ ಇನ್ನೂ ಬೆಚ್ಚಗಿರುವಾಗ ಎರಡು ಚಮಚ ಜೇನನ್ನು ಮೇಲೆ ಸವರಿ. ಹುತ್ತರಿ ಗೆಣಸಿಗೆ ಜೇನು ಹೊಯ್ದು ತಿಂದವರಿಗೆ ಕುಂಬಳದ ಬ್ರೆಡ್ಡಿನ ಮೇಲಿನ ಜೇನು ಹೊಸದೆನಿಸುವುದಿಲ್ಲ.

ಯಾರಿಗೆ ಯಾವುದು

ನಾದಿನಿಗೆ ಈ ಸಲ ನಾನು ಹೇಳಿದ್ದು ಹೀಗೆ. ನಿನ್ನ ಮನೆಯಲ್ಲಿ ಓವನ್ ಇದೆ, ಮಕ್ಕಳಿದ್ದಾರೆ, ಕುಂಬಳವೂ ಇದೆ. ಆದರೆ ಜಾಯಿಕಾಯಿ ಹಳೆಯದಾಗಿದ್ದರೆ ಮೊದಲು ಹೊಸದು ತಾ, ಇಲ್ಲವಾದರೆ ಬಾಳೆಯದನ್ನು ಮಾಡು. ಏಲಕ್ಕಿ ನಿನ್ನ ಮನೆಯಲ್ಲಿ ಯಾವತ್ತೂ ಹೊಸದೇ. ವಿರಾಜಪೇಟೆಯಲ್ಲಿ ಸಂತ ಅನ್ನಮ್ಮನವರ ಚರ್ಚಿನ ಪಕ್ಕದ ಗೆಳತಿಯ ಮನೆಗೆ ಕ್ರಿಸ್ಮಸ್ ದಿನ ಹೋಗುವಾಗ ಒಯ್ಯಲು ಕಿತ್ತಳೆಯದು, ನಮ್ಮ ಮರದ ಹಣ್ಣು ಕಳಿಸಿಕೊಡುತ್ತೇನೆ, ಆ ದಿನ ಬೆಳಗ್ಗೆಯೇ ಮಾಡು. ಬೆಂಗಳೂರಿಗೆ ಹಿಂದಿರುಗುವವರ ಚೀಲಕ್ಕೆ ಶುಂಠಿಯದು. ಅದನ್ನು ನಾನೇ ಮಾಡುತ್ತೇನೆ, ಹೊರಡುವುದಕ್ಕೆ ಎರಡು ದಿನ ಮೊದಲು.

ಅಚ್ಚಿನಲ್ಲಿ ಹತ್ತು ನಿಮಿಷ ಆರಿಸಿ, ಹೊರತೆಗೆದು ಪೂರ್ತಿ ತಣ್ಣಗಾದ ಮೇಲೆ ಬಟರ್ ಪೇಪರಿನಲ್ಲಿ ಸುತ್ತಿ ಡಬ್ಬಿಗೆ ಹಾಕಬೇಕು. ಬಿಸಿಯಿರುವಾಗ ಮುಚ್ಚಿದರೆ ಹಬೆ ನೀರಾಗಿ ಮೂರನೆಯ ದಿನಕ್ಕೆ ಬೂಸ್ಟು ಬರುತ್ತದೆ. ಬಸ್ಸಿನಲ್ಲಿ ಹೋಗುವ ಬ್ರೆಡ್ಡನ್ನು ಕತ್ತರಿಸದೆ ಇಡಿಯಾಗಿಯೇ ಕಳಿಸಿ. ಅಲ್ಲಿ ತಲುಪಿದ ಮೇಲೆ ಹಲ್ಲಿನ ಚಾಕುವಿನಿಂದ ಬೆರಳು ದಪ್ಪಕ್ಕೆ ಹೋಳು ಮಾಡಿ, ಕಾವಲಿಗೆ ಒಂದಿಷ್ಟು ಬೆಣ್ಣೆ ಸವರಿ ಎರಡೂ ಬದಿ ಬಿಸಿ ಮಾಡಿಕೊಂಡರೆ ಶುಂಠಿ ಮತ್ತೆ ಮೇಲೇಳುತ್ತದೆ. ಜೊತೆಗೆ ಹಾಲಿಲ್ಲದ ಕಾಫಿ, ಸಕ್ಕರೆ ಬೇಡ.